32 ಮಕ್ಕಳು, 32 ಲೀಡರು

ನನ್ನ ತಂಗಿ ಮಗಳಿಗೆ ಐದು ವರ್ಷ. ಯುಕೆಜಿ. ಜೂನ್ ಕೊನೆಯ ಶನಿವಾರ ಅಧಿಕಾರ ವಹಿಸಿಕೊಂಡಳು. ಖಾತೆ: ವಾಟರ್ ಬಾಟಲ್.

ತಮಾಷೆಯಲ್ಲ. ಶಾಲೆಯಿಂದ ವಾಟ್ಸಾಪಿಗೆ ಬಂದ ಕಾರ್ಡಿನಲ್ಲೇ ಹಾಗಿತ್ತು. ಇವಳು ‘ಬಾಟಲ್ ಲೀಡರ್’. ಪಕ್ಕದ ಹುಡುಗ ‘ಲೈನ್ ಲೀಡರ್’. ಇನ್ನೊಬ್ಬ ‘ಲೈಟ್ ಅಂಡ್ ಫ್ಯಾನ್ ಲೀಡರ್’. ಸ್ವಿಚ್ಚು ಅವನ ಕೈಗೆ ಎಟುಕುವುದಿಲ್ಲ, ಆ ಮಾತು ಬೇರೆ. ಕ್ಲಾಸಿನಲ್ಲಿ 32 ಮಕ್ಕಳು, 32 ಲೀಡರು. ಹಾಗಾದ್ರೆ ಇವರ ಹಿಂದೆ ಹೋಗೋರು ಯಾರಮ್ಮ ಅಂತ ಕೇಳಿದೆ. ತಂಗಿ ಗದರಿದಳು. “ಸುಮ್ನಿರಣ್ಣ, ಎಲ್ಲದಕ್ಕೂ ಕೊಂಕು ತೆಗೀಬೇಡ. ಲೀಡರ್‌ಶಿಪ್ ಈಗಿಂದ್ಲೇ ಬರ್ಬೇಕಂತೆ.”

ಆಮೇಲೆ ಯೋಚಿಸಿದರೆ ಅವರು ಮಾಡಿದ್ದೇ ಜಾಣತನ ಅನ್ನಿಸಿತು. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಮಂತ್ರಿಗಳು ಮಾತ್ರ ಮುಖ್ಯಮಂತ್ರಿಯೂ ಸೇರಿ 34 ದಾಟುವಂತಿಲ್ಲ. ಸಂವಿಧಾನದ ಲಗಾಮು. ಅದಕ್ಕೇ ಅಲ್ವಾ ಇಷ್ಟೊಂದು ಅತೃಪ್ತರು, ಬಸ್ಸು, ರೆಸಾರ್ಟು? ಯುಕೆಜಿಯಲ್ಲಿ ಆ ಕಾಟವೇ ಇಲ್ಲ. ಹುಟ್ಟಿದವರೆಲ್ಲ ಸಂಪುಟಕ್ಕೆ.

ಪ್ರಮಾಣವಚನಕ್ಕೆ ನಾನೂ ಹೋಗಿದ್ದೆ. ಬ್ಯಾಂಡು, ಬಾವುಟ, ಶಾಮಿಯಾನ. ಹೆಗಲಿಂದ ಸೊಂಟಕ್ಕೆ ಅಡ್ಡ ಇಳಿಯುವ ನೀಲಿ ಸ್ಯಾಶು, ಎದೆಗೆ ಬ್ಯಾಡ್ಜು. ಎರಡಕ್ಕೂ ಸೇರಿ 650 ರೂಪಾಯಿ, ಪೋಷಕರದೇ. ಪದವಿಗೆ ದುಡ್ಡು ಕೊಡುವುದು ಹೊಸದಲ್ಲ ಬಿಡಿ, ಇಲ್ಲಿ ರಸೀದಿ ಕೊಡುತ್ತಾರೆ. ಸ್ಯಾಶು ಹತ್ತನೇ ಕ್ಲಾಸಿನ ಅಳತೆಯದು. ಇವಳಿಗೆ ಹಾಕಿದರೆ ಶೂ ಮೇಲೆ ಬಿತ್ತು. ಮಿಸ್ಸು ಮೂರು ಮಡಿಕೆ ಹಾಕಿ ಪಿನ್ನು ಚುಚ್ಚಿದರು. ‘ಲೀಡರ್’ ಅನ್ನುವ ಪದ ಮಡಿಕೆಯೊಳಗೆ ಹೋಯಿತು. ಹೊರಗೆ ಉಳಿದದ್ದು ‘ಬಾಟಲ್’ ಮಾತ್ರ.

ಪ್ರಮಾಣ ಇಂಗ್ಲಿಷಿನಲ್ಲಿ. ಪ್ರಿನ್ಸಿಪಾಲರು ಒಂದೊಂದೇ ತುಂಡು ಹೇಳುವುದು, ಮಕ್ಕಳು ಬಲಗೈ ಚಾಚಿ ಒಪ್ಪಿಸುವುದು. ‘ಇಂಟೆಗ್ರಿಟಿ’ ಬಂತು. ಇಡೀ ಯುಕೆಜಿ ‘ಇಂಟಿ...ಟಿ’ ಅಂದು ಮುಂದಕ್ಕೆ ಹಾರಿತು. ದೊಡ್ಡವರು ಪ್ರಮಾಣ ಮಾಡುವಾಗಲೂ ಆ ಜಾಗದಲ್ಲಿ ನಾಲಿಗೆ ಸ್ವಲ್ಪ ತೊದಲಿದ್ದರೆ ಚೆನ್ನಾಗಿತ್ತು. ಅವರು ಸ್ಪಷ್ಟವಾಗಿ ಓದಿಬಿಡುತ್ತಾರೆ.

ನಾಲ್ಕನೇ ಕ್ಲಾಸಿಂದ ಹೌಸ್ ಕ್ಯಾಪ್ಟನ್ನುಗಳು. ಅಲ್ಲಿ ಹೌಸುಗಳಿಗೆ, ಅಂದರೆ ಮಕ್ಕಳ ತಂಡಗಳಿಗೆ, ನದಿಗಳ ಹೆಸರು. ಕಾವೇರಿ ಹೌಸಿಗೂ ಕೃಷ್ಣಾ ಹೌಸಿಗೂ ಇರುವುದು ಒಂದೇ ಫುಟ್‌ಬಾಲು, ಅದರ ಮೇಲೆ ವರ್ಷವಿಡೀ ಜಗಳ, ಪಿಟಿ ಮಾಸ್ತರೇ ನ್ಯಾಯಮಂಡಳಿ. ಈ ಒಂದು ಪಾಠ ಮಾತ್ರ ಪಕ್ಕಾ ಅಂತ ಒಪ್ಪಿಕೊಳ್ಳಬೇಕು.

ನಮ್ಮ ಪಕ್ಕದ ಮನೆ ಹುಡುಗಿ ಒಂಬತ್ತನೇ ಕ್ಲಾಸು. ಅವಳ ಶಾಲೆಗೆ ಅವಳೇ ಹೆಡ್ ಗರ್ಲ್. ಅತಿಥಿಗಳಿಗೆ ಹೂಗುಚ್ಛ ಕೊಡುವುದು, ಮೈಕಿನಲ್ಲಿ ‘ಹಲೋ ಹಲೋ’ ಅನ್ನುವುದು, ಪ್ರಾರ್ಥನೆ ಹೊತ್ತಿಗೆ ಉಗುರು ನೋಡುವುದು ಅವಳ ಕೆಲಸ. ಒಂದು ದಿನ ಲೀಡರುಗಳ ಮೀಟಿಂಗಿನಲ್ಲಿ ‘ನಿಮ್ಮ ಸಲಹೆ ಹೇಳಿ’ ಅಂದರಂತೆ. ಪಾಪ, ನಿಜ ಅಂತ ನಂಬಿ ಎದ್ದು ನಿಂತಳು. ಹುಡುಗಿಯರ ಟಾಯ್ಲೆಟ್ಟಿನ ಎರಡನೇ ಬಾಗಿಲಿಗೆ ಚಿಲಕ ಇಲ್ಲ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಕಾಲು ಒತ್ತಿ ನಿಲ್ಲಬೇಕು ಅಂದಳು. ಎಲ್ಲರೂ ಸುಮ್ಮನಾದರು. ಆಮೇಲೆ ಮೇಡಂ ಹೇಳಿದ್ದು: “ಲೀಡರ್ ಆದವಳು ಪಾಸಿಟಿವ್ ಆಗಿ ಯೋಚನೆ ಮಾಡ್ಬೇಕಮ್ಮ.” ಚಿಲಕ ಇನ್ನೂ ಬಂದಿಲ್ಲ. ಹೆಡ್ ಗರ್ಲ್ ಈಗಲೂ ಬಾಗಿಲಿಗೆ ಕಾಲು ಒತ್ತಿ ನಿಲ್ಲುತ್ತಾಳೆ, ಸ್ಯಾಶ್ ಹಾಕಿಕೊಂಡೇ.

ಮುಂದಿನ ವರ್ಷ ಅದೂ ಇಲ್ಲ. ಹತ್ತನೇ ಕ್ಲಾಸಿನವರಿಗೆ ಪದವಿ ಕೊಡುವುದಿಲ್ಲವಂತೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ನೋಡಿ. ಕಾಲೇಜಿಗೆ ಹೋದರೆ ಇನ್ನೂ ಮಜಾ. 1989ರಲ್ಲಿ ದೇಶ ಮತ ಹಾಕುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯ ಕಾಲೇಜು ಚುನಾವಣೆಗೆ ಬೀಗ ಹಾಕಿತು. ಗಲಾಟೆ ಆಗುತ್ತಿತ್ತು, ಸುಳ್ಳಲ್ಲ. ಆದರೆ ಲೆಕ್ಕ ನೋಡಿ. ಹದಿನೆಂಟು ತುಂಬಿದವನು ಪ್ರಧಾನಿಯನ್ನು ಆರಿಸುವ ಓಟು ಹಾಕಬಹುದು, ತನ್ನ ಕಾಲೇಜಿನ ಕಾರ್ಯದರ್ಶಿಯನ್ನು ಆರಿಸುವಂತಿಲ್ಲ. ಅವನಿಗೆ ಉಳಿದದ್ದು ಸಿಆರ್ (ಕ್ಲಾಸ್ ರೆಪ್ರೆಸೆಂಟೇಟಿವ್) ಪದವಿ, ಅಂದರೆ ಲೆಕ್ಚರರ್ ಮೆಸೇಜನ್ನು ಗುಂಪಿಗೆ ಫಾರ್ವರ್ಡ್ ಮಾಡೋದು. ಗ್ರಾಮ ಪಂಚಾಯಿತಿಗೆ ನಿಲ್ಲಲು 21, ವಿಧಾನಸಭೆಗೆ 25 ತುಂಬಬೇಕು. ಐದನೇ ವಯಸ್ಸಿಗೆ ನೂರಕ್ಕೆ ನೂರು ಲೀಡರು, ಹದಿನೈದಕ್ಕೆ ಸೊನ್ನೆ. ಬಾಟಲ್ ಖಾತೆ ಬಿಟ್ಟವಳು ಮತ್ತೆ ಅಧಿಕಾರಕ್ಕೆ ಬರಲು ಹದಿನೈದು ಇಪ್ಪತ್ತು ವರ್ಷ ಕಾಯಬೇಕು.

ಸರ್ಕಾರಿ ಶಾಲೆಗಳಲ್ಲಿ ಸ್ಯಾಶ್ ಇಲ್ಲ, ಶಾಲಾ ಸಂಸತ್ತು ಇದೆ. ಅದು ನನಗೆ ಇಷ್ಟ. ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಮೊಬೈಲಿನಲ್ಲೇ ಮತಯಂತ್ರ, ಒತ್ತಿದರೆ ಪೀಂ ಅನ್ನುವ ಸದ್ದು. ಗೆದ್ದವರಿಗೆ ನಿಜವಾಗಿ ಕೆಲಸವೂ ಉಂಟು. ಆಹಾರ ಮಂತ್ರಿ ಬಿಸಿಯೂಟದ ಸಾಲು ನೋಡಿಕೊಳ್ಳುತ್ತಾನೆ. ನೀರಾವರಿ ಮಂತ್ರಿ ಕೈತೋಟಕ್ಕೆ ನೀರು ಹೊರುತ್ತಾನೆ. ಸ್ವಂತ ಬಕೆಟ್ ಹಿಡಿದ ನೀರಾವರಿ ಮಂತ್ರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ನೋಡಿದ ಒಂದು ಶಾಲೆಯಲ್ಲಿ ವಿರೋಧ ಪಕ್ಷದ ನಾಯಕಿ, ಏಳನೇ ಕ್ಲಾಸು, ಎದ್ದು ಕೇಳಿದಳು: “ಸಾಂಬಾರಿನಲ್ಲಿ ತರಕಾರಿ ಯಾಕಿಲ್ಲ?” ಆಹಾರ ಮಂತ್ರಿ ಹೆಡ್‌ಮಾಸ್ಟರ್ ಮುಖ ನೋಡಿದ. ಹೆಡ್‌ಮಾಸ್ಟರು ಗಡಿಯಾರ ನೋಡಿದರು. ಗಂಟೆ ಹೊಡೆಯಿತು, ಹತ್ತು ನಿಮಿಷ ಮೊದಲೇ. ಕಲಾಪ ಮುಂದೂಡಿಕೆ.

ಮಕ್ಕಳ ಗ್ರಾಮಸಭೆಯದೂ ಇದೇ ಕಥೆ. ನಮಗೆ ಬಸ್ ಬೇಕು ಅಂತ ಮಗು ಅಳುವ ಹಾಗೆ ಕೇಳುತ್ತದೆ. ದೊಡ್ಡವರು “ಎಷ್ಟು ಚೆನ್ನಾಗಿ ಮಾತಾಡ್ತಾಳೆ!” ಅಂತ ಚಪ್ಪಾಳೆ ಹೊಡೆದು ಕಾರು ಹತ್ತುತ್ತಾರೆ.

ಮೊನ್ನೆ ತಂಗಿ ಮನೆಗೆ ಹೋಗಿದ್ದೆ. ಬಾಟಲ್ ಲೀಡರ್ ಸೋಫಾ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದಳು. ಎರಡು ತಿಂಗಳ ಸಾಧನೆ ಕೇಳೋಣ ಅಂತ ಪಕ್ಕ ಕೂತೆ.

“ನಿನ್ ಕೆಲ್ಸ ಏನೇ ಪುಟ್ಟಿ?”

“ಯಾರಾದ್ರೂ ನೀರು ಚೆಲ್ಲಿದ್ರೆ ಮಿಸ್‌ಗೆ ಹೇಳೋದು ಮಾಮ.”

“ನೀನೇ ಚೆಲ್ಲಿದ್ರೆ?”

ಬಿಸ್ಕತ್ತು ಅಗಿಯುವುದು ನಿಲ್ಲಿಸಿ ಒಂದು ಗಳಿಗೆ ಯೋಚಿಸಿದಳು.

“ಮೊದ್ಲೇ ಚೆಲ್ಲಿತ್ತು ಅಂತೀನಿ.”