ಹಾರ್ಮೋನ್ ವಂಕಿ ಹಾಕುವಾಗ ನನಗೆ ಯಾರೂ ಹೇಳದೆ ಬಿಟ್ಟ ಮಾತು

ಮೂರು ವರ್ಷಗಳ ಹಿಂದೆ, ನನಗೆ 41 ತುಂಬಿದ್ದಾಗ, ಹತ್ತು ಹನ್ನೆರಡು ದಿನವಾದರೂ ನಿಲ್ಲದ ಮುಟ್ಟಿನಿಂದ ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಗರ್ಭಕೋಶವನ್ನೇ ತೆಗೆಸಿಬಿಡು ಎಂದು ಬಂಧುಗಳೆಲ್ಲ ಒಂದೇ ಸಮನೆ ಹೇಳುತ್ತಿದ್ದ ಹೊತ್ತಿನಲ್ಲಿ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿಯನ್ನು ಸೂಚಿಸಿದ ವೈದ್ಯರಿಗೆ ನಾನು ಇಂದಿಗೂ ಕೃತಜ್ಞಳಾಗಿದ್ದೇನೆ. ಆದರೆ ಅದು ಗಂಡ ಹೆಂಡಿರ ಸಂಬಂಧದ ಮೇಲೆ ಪರಿಣಾಮ ಬೀರಬಹುದೆಂಬ ಒಂದು ಮಾತನ್ನು ಅಂದು ಯಾರೂ ಹೇಳಲಿಲ್ಲ. ನಾನು ಈಗ ಬರೆಯುತ್ತಿರುವುದು ಆ ಒಂದು ಮಾತಿನ ಬಗ್ಗೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುವ ಕಾಪರ್-ಟಿಯಲ್ಲಿ ಹಾರ್ಮೋನ್ ಇರುವುದಿಲ್ಲ. ನನಗೆ ಹಾಕಿದ್ದು ನೋಡಲು ಅದರಂತೆಯೇ ಇರುವ, ಆದರೆ ಒಳಗೆ 52 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ ಇಟ್ಟುಕೊಂಡು ಆರಂಭದಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂನಷ್ಟು ಬಿಡುವ ಸಾಧನ. 1990ರಲ್ಲಿ ಫಿನ್ಲೆಂಡಿನಲ್ಲಿ ಮೊದಲು ಬಳಕೆಗೆ ಬಂದ ಇದು ಮುಖ್ಯವಾಗಿ ಗರ್ಭಕಂಠದ ಲೋಳೆಯನ್ನು ದಪ್ಪವಾಗಿಸಿ ಗರ್ಭ ನಿಲ್ಲದಂತೆ ತಡೆಯುತ್ತದೆ, ಗರ್ಭಕೋಶದ ಒಳಪದರವನ್ನು ತೆಳುವಾಗಿಸುವುದರಿಂದ ಅತಿ ರಕ್ತಸ್ರಾವಕ್ಕೂ ಚಿಕಿತ್ಸೆಯಾಗಿದೆ. ಇದರ ಹಾರ್ಮೋನ್ ರಕ್ತಕ್ಕೆ ಸೇರುವುದು ನುಂಗುವ ಮಾತ್ರೆಗಳಿಗಿಂತ ಬಹಳ ಕಡಿಮೆ, ಹೆಚ್ಚಿನ ಹೆಂಗಸರಲ್ಲಿ ಅಂಡೋತ್ಪತ್ತಿಯೂ ನಡೆಯುತ್ತಲೇ ಇರುತ್ತದೆ. ಕಡಿಮೆ ಸೇರುತ್ತದೆ ಎಂಬುದನ್ನೇ "ಏನೂ ಆಗುವುದಿಲ್ಲ" ಎಂದು ಹೇಳಿ ಕಳುಹಿಸುವುದು ಮಾತ್ರ ಸರಿಯಲ್ಲ.

ಮೊದಲ ನಾಲ್ಕು ತಿಂಗಳು ದಿನ ಬಿಟ್ಟು ದಿನ ಸ್ಪಾಟಿಂಗ್, ಅಂದರೆ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುವುದು, ಇತ್ತು. ಅದು ಸಾಮಾನ್ಯವೆಂದು ಮೊದಲೇ ತಿಳಿಸಿದ್ದರಿಂದ ಗಾಬರಿಯಾಗಲಿಲ್ಲ. ರಕ್ತ ನಿಂತು ಮೈಗೆ ಶಕ್ತಿ ಬಂದ ಮೇಲೂ ಮನಸ್ಸು ಮಾತ್ರ ಬರಲಿಲ್ಲ. ನಮ್ಮವರು ಪ್ರೀತಿಯಿಂದ ಕೈ ಹಿಡಿದರೆ ಕೈ ಹಿಡಿದದ್ದು ತಿಳಿಯುತ್ತಿತ್ತು, ಅದರಾಚೆಗೆ ನನ್ನೊಳಗೆ ಏನೂ ಏಳುತ್ತಿರಲಿಲ್ಲ. ಕೂಡಿದಾಗ ಒಣಗಿದಂತಾಗಿ ನೋವಾಗುತ್ತಿತ್ತು. "ನನ್ನ ಮೇಲೆ ಏನಾದರೂ ಬೇಜಾರಾ?" ಎಂದು ಅವರು ಒಂದು ರಾತ್ರಿ ಕೇಳಿದಾಗ ಉತ್ತರ ಹೊಳೆಯದೆ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಸಂಕೋಚವನ್ನು ನುಂಗಿಕೊಂಡು ಆಸ್ಪತ್ರೆಯಲ್ಲಿ ಹೇಳಿದರೆ, "ಈ ವಯಸ್ಸಿಗೆ ಇದೆಲ್ಲ ಸಹಜ ಅಮ್ಮಾ, ಮಕ್ಕಳೂ ದೊಡ್ಡವರಾದರಲ್ಲ" ಎಂಬ ಉತ್ತರ ಸಿಕ್ಕಿತು. ನನ್ನ ಫೈಲಿನಲ್ಲಿ ಆ ದಿನ "ತೊಂದರೆ ಇಲ್ಲ" ಎಂದು ಬರೆಯಲಾಗಿದೆ.

ಎಂಟನೆಯ ತಿಂಗಳಿನಲ್ಲಿ, ಬೀರುವಿನಲ್ಲಿ ಸ್ಕ್ಯಾನಿಂಗ್ ವರದಿಗಳ ನಡುವೆ ಸಿಕ್ಕಿಕೊಂಡಿದ್ದ ವಂಕಿಯ ಡಬ್ಬಿಯಿಂದ ಮಡಿಕೆ ಮಡಿಕೆಯಾಗಿದ್ದ ಕಾಗದವನ್ನು ಬಿಡಿಸಿ, ಮಗಳ ಮೊಬೈಲಿನ ಬೆಳಕಿನಲ್ಲಿ ಓದಿದೆ. ಸಾಸಿವೆಗಿಂತ ಚಿಕ್ಕದಾದ ಇಂಗ್ಲಿಷ್ ಅಕ್ಷರಗಳಲ್ಲಿ, ನೂರರಲ್ಲಿ ಒಬ್ಬರಿಂದ ಹತ್ತು ಜನರವರೆಗೆ ಕಾಣಬಹುದಾದ ಅಡ್ಡಪರಿಣಾಮಗಳ ಸಾಲಿನಲ್ಲಿ, ಮನಸ್ಸಿಗೆ ಮಂಕು ಕವಿಯುವುದೂ ಲೈಂಗಿಕ ಆಸಕ್ತಿ ಕುಗ್ಗುವುದೂ ಇದ್ದವು. ತಯಾರಕರೇ ಅಚ್ಚು ಹಾಕಿಸಿದ ಸಂಗತಿಯನ್ನು ನಾನು ನನ್ನ ದಾಂಪತ್ಯದ ದೋಷವೆಂದುಕೊಂಡು ಎಂಟು ತಿಂಗಳು ಕೊರಗಿದ್ದೆ.

ಸಂಶೋಧನೆಗಳೆಲ್ಲ ಒಂದೇ ದಿಕ್ಕಿಗೆ ಬೊಟ್ಟು ಮಾಡುವುದಿಲ್ಲ. ರಕ್ತಸ್ರಾವ, ನೋವು, ಬಸಿರಿನ ಭಯ ದೂರವಾದ್ದರಿಂದ ಲೈಂಗಿಕ ಜೀವನ ಉತ್ತಮವಾಯಿತೆಂದು ಹೇಳಿದ ಹೆಂಗಸರೂ ಅನೇಕರಿದ್ದಾರೆ. ಫಿನ್ಲೆಂಡಿನಲ್ಲಿ ಅತಿ ರಕ್ತಸ್ರಾವವಿದ್ದ 236 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈ ವಂಕಿಯನ್ನು ಹಾಕಿ, ಇನ್ನೊಂದಕ್ಕೆ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿ, ಐದು ವರ್ಷ ಗಮನಿಸಿದರು. ಶಸ್ತ್ರಚಿಕಿತ್ಸೆಯಾದವರಲ್ಲಿ ಲೈಂಗಿಕ ತೃಪ್ತಿ ಹೆಚ್ಚಿತು, ವಂಕಿಯವರಲ್ಲಿ ಸಂಗಾತಿಯೊಂದಿಗಿನ ತೃಪ್ತಿ ಕುಗ್ಗಿತು. ಇದನ್ನು ಓದಿ ಯಾರೂ ಆಪರೇಷನ್ನಿಗೆ ಓಡಬಾರದೆಂದು ಕೈಮುಗಿದು ಕೇಳುತ್ತೇನೆ, ಏಕೆಂದರೆ ಅದೇ ಅಧ್ಯಯನದಲ್ಲಿ ವಂಕಿ ಹಾಕಿಸಿಕೊಂಡವರ ಪೈಕಿ ಅರ್ಧಕ್ಕಿಂತ ಹೆಚ್ಚಿನವರ ಗರ್ಭಕೋಶ ಐದು ವರ್ಷಗಳ ನಂತರವೂ ಉಳಿದಿತ್ತು. ನಮ್ಮ ರಾಜ್ಯದಲ್ಲಿ ಬೇಡದಿದ್ದರೂ ಗರ್ಭಕೋಶ ಕಳೆದುಕೊಂಡ ಬಡ ಹೆಂಗಸರ ಕಥೆಗಳನ್ನು ಓದಿದವರಿಗೆ ಅದರ ಬೆಲೆ ಗೊತ್ತು.

ಹದಿನಾಲ್ಕನೆಯ ತಿಂಗಳಿನಲ್ಲಿ ಬೇರೆ ವೈದ್ಯೆಯೊಬ್ಬರ ಬಳಿ ಹೋದೆ. "ನಿಮ್ಮಿಬ್ಬರ ಸಂಬಂಧ ಈಗ ಹೇಗಿದೆ ಅಕ್ಕಾ?" ಎಂದು ಕೇಳಿ, ನಾನು ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡವರು ಅವರೊಬ್ಬರೇ. ಥೈರಾಯ್ಡ್ ಪರೀಕ್ಷಿಸಿ, ಅದು ಸರಿಯಿದೆಯೆಂದು ಖಚಿತಪಡಿಸಿಕೊಂಡ ಮೇಲೆ, ವಂಕಿ ತೆಗೆಸುವ ತೀರ್ಮಾನವನ್ನು ನನಗೇ ಬಿಟ್ಟರು. ತೆಗೆಯುವುದಕ್ಕೆ ಕೆಲವೇ ನಿಮಿಷ ಸಾಕಾಯಿತು. ಎರಡು ತಿಂಗಳೊಳಗೆ ಮನಸ್ಸು ಮರಳಿತು. ವಂಕಿಯೇ ಕಾರಣವೆಂದು ನನ್ನೊಬ್ಬಳ ಅನುಭವದಿಂದ ಸಾಬೀತು ಮಾಡಲಾಗದು. ರಕ್ತಸ್ರಾವವೂ ಮರಳಿದೆ, ಮುಟ್ಟಿನ ಮೊದಲ ಮೂರು ದಿನ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಮಿಕ್ ಆಸಿಡ್ ಮಾತ್ರೆ ನುಂಗುತ್ತೇನೆ. ತಿಳಿದೇ ಒಪ್ಪಿಕೊಂಡ ಕಷ್ಟವಾದ್ದರಿಂದ ಇದು ನನಗೆ ಭಾರವೆನಿಸುವುದಿಲ್ಲ.

ಮುಂದಿನ ತಿಂಗಳು ನನ್ನ ತಂಗಿ ಇದೇ ಹಾರ್ಮೋನ್ ವಂಕಿ ಹಾಕಿಸಿಕೊಳ್ಳುತ್ತಿದ್ದಾಳೆ. ಅವಳನ್ನೂ ಅವಳ ಗಂಡನನ್ನೂ ಒಟ್ಟಿಗೆ ಕೂರಿಸಿಕೊಂಡು ಇಷ್ಟನ್ನೂ ಹೇಳಿದೆ. ಇಬ್ಬರೂ ಪೂರ್ತಿ ಕೇಳಿ, ತಮ್ಮ ತಮ್ಮಲ್ಲೇ ಮಾತಾಡಿಕೊಂಡು, ಮರುದಿನ ಫೋನ್ ಮಾಡಿ ಹಾಕಿಸುವುದೆಂದೇ ನಿರ್ಧರಿಸಿದ್ದೇವೆ ಎಂದರು. ಆರು ತಿಂಗಳ ತಪಾಸಣೆಗೆ ಇಬ್ಬರೂ ಜೊತೆಯಲ್ಲೇ ಹೋಗುತ್ತಾರಂತೆ.