ಮೂರನೇ ‘ಮತ್ತೆ’

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಅಕ್ಕನ ಫೋನ್ ಬರುತ್ತದೆ. ಅವಳು ಚಿತ್ರದುರ್ಗದಲ್ಲಿ, ನಾನು ದಾವಣಗೆರೆಯಲ್ಲಿ. ಆ ಹೊತ್ತಿಗೆ ತಿಂಡಿಯ ಪಾತ್ರೆ ತೊಳೆದಾಗಿರುತ್ತದೆ, ಅಡುಗೆಗೆ ಇನ್ನೂ ಕೈ ಹಾಕಿರುವುದಿಲ್ಲ. ಈ ಸಂದು ಅವಳಿಗೂ ಗೊತ್ತು, ನನಗೂ ಗೊತ್ತು.

“ಏನೇ, ಆರಾಮಾ?”

“ಆರಾಮು.”

“ತಿಂಡಿ ಏನು?”

“ಉಪ್ಪಿಟ್ಟು.”

ಅಲ್ಲಿಗೆ ಫೋನ್ ಇಡಬಹುದು. ಆದರೆ ಅಕ್ಕ ಇಡುವುದಿಲ್ಲ. ಒಂದು ಉಸಿರು ಬಿಟ್ಟು ಕೇಳುತ್ತಾಳೆ. “ಮತ್ತೆ?”

ಈ ‘ಮತ್ತೆ’ಗೆ ಏನು ಉತ್ತರ ಕೊಡಬೇಕು ಅಂತ ಯಾವ ಶಾಲೆಯಲ್ಲೂ ಹೇಳಿಕೊಟ್ಟಿಲ್ಲ. ಪ್ರಶ್ನೆ ಅನ್ನೋಣ ಅಂದರೆ ಇಂಥದ್ದೇ ಬೇಕು ಅಂತ ಅದು ಕೇಳುವುದಿಲ್ಲ. ಸುಮ್ನೆ ಇರೋಣ ಅಂದರೆ ಆ ಕಡೆ ಅವಳು ಕಾಯುತ್ತಿರುತ್ತಾಳೆ, ಚೀಲದ ಬಾಯಿ ಬಿಡಿಸಿ ಹಿಡಿದುಕೊಂಡ ಹಾಗೆ. ನಾವೇ ಏನಾದರೂ ತಂದು ಸುರಿಯಬೇಕು.

ಇಷ್ಟು ವರ್ಷದ ಅನುಭವದಲ್ಲಿ ನಾನು ಒಂದು ಲೆಕ್ಕ ಕಂಡುಕೊಂಡಿದ್ದೇನೆ. ಮೊದಲನೇ ‘ಮತ್ತೆ’ಗೆ ಮೈಕೈ ನೋವು, ಮದುವೆ ಕರೆಯೋಲೆ. ಎರಡನೆಯದಕ್ಕೆ ದಿನನಿತ್ಯದ ಕಿರಿಕಿರಿ. ನಿಜವಾದ ವಿಷಯ ಏನಿದ್ದರೂ ಮೂರನೇ ‘ಮತ್ತೆ’ಗೇ ಹೊರಗೆ ಬರುವುದು.

2022ರ ಸೆಪ್ಟೆಂಬರಿನ ಒಂದು ಭಾನುವಾರ ಹೀಗೇ ಆಯಿತು. ಆ ಸಲ ‘ಮತ್ತೆ’ ಕೇಳುತ್ತಿದ್ದವಳು ನಾನು. ಮೊದಲು ಅವಳ ಮೊಣಕಾಲು ಬಂತು. ಆಮೇಲೆ ತೊಗರಿಬೇಳೆ ರೇಟು ಬಂತು, ಮಹಡಿ ಮನೆಯವರು ನಾಯಿ ತಂದಿದ್ದು ಬಂತು. ಮೂರನೇ ಸಲ ಕೇಳಿದಾಗ ಅಕ್ಕ ಆಕಳಿಸುತ್ತಾ, “ಮತ್ತೇನಿಲ್ಲ ಕಣೆ, ಮಾರಿಕಣಿವೆ ಕೋಡಿ ಬಿದ್ದಿದೆ” ಅಂದಳು.

ಮಾರಿಕಣಿವೆ ಅಂದರೆ ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ. ವೇದಾವತಿಗೆ ಅಡ್ಡಲಾಗಿ ಕಟ್ಟಿ ಮುಗಿಸಿದ್ದು 1907ರಲ್ಲಿ. 1933ರಲ್ಲಿ ಒಂದು ಸಲ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ಬಿದ್ದಿರಲಿಲ್ಲ. ನಮ್ಮಜ್ಜ ಹುಡುಗನಾಗಿದ್ದಾಗ ಎತ್ತಿನ ಗಾಡಿಯಲ್ಲಿ ಹೋಗಿ ನೋಡಿ ಬಂದಿದ್ದನಂತೆ. ಅವನು ಆ ಕಥೆ ತೆಗೆದರೆ ನಾವು ಮೊಮ್ಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದೆವು. ಅದು ಮತ್ತೆ ನಡೆಯುತ್ತದೆ ಅಂತ ಯಾರಿಗೆ ಗೊತ್ತಿತ್ತು? ಅಂಥ ಸುದ್ದಿಯನ್ನು ಇವಳು ನಾಯಿಯ ಹಿಂದೆ ಕಟ್ಟಿ ಕಳಿಸಿದ್ದಾಳೆ!

“ಇದನ್ನ ಮೊದಲು ಹೇಳೋದಲ್ವಾ?” ಅಂದೆ.

“ನೀನು ಕೇಳಿದೆಯಾ?” ಅಂದಳು.

ಗಂಡಸರಿಗೆ ಈ ವಿದ್ಯೆ ಒಲಿದಿಲ್ಲ. ನಮ್ಮ ಮನೆಯವರು ಊರಲ್ಲಿರುವ ತಮ್ಮನಿಗೆ ಫೋನ್ ಮಾಡುವುದನ್ನು ಕೇಳಬೇಕು. “ಮಳೆ ಬಂತಾ? ಮೆಕ್ಕೆಜೋಳ ಏನು ರೇಟಂತೆ? ಸರಿ, ಇಡ್ತೀನಿ.” ಒಂದು ನಿಮಿಷ ಹಿಡಿಯುವುದಿಲ್ಲ. ಒಮ್ಮೆ ಆ ಮೈದುನನಿಗೆ ಆಪರೇಷನ್ ಆಗಿ ಹೊಲಿಗೆ ಬಿಚ್ಚಿದ ಮೇಲೆ ನಮಗೆ ಗೊತ್ತಾಯಿತು. ಅಷ್ಟರಲ್ಲಿ ನಾಲ್ಕು ಸಲ ಫೋನಿನಲ್ಲಿ ಮಾತಾಗಿತ್ತು. ಮಳೆಯ ವರದಿ ಮಾತ್ರ ಪಕ್ಕಾ ಇತ್ತು.

ಹಿಂದೆಲ್ಲ ನಮ್ಮೂರಲ್ಲಿ ಈ ‘ಮತ್ತೆ’ಗೆ ಒಂದು ಒಳ್ಳೆಯ ಜಾಗ ಇತ್ತು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು. ರೈಲು ಹಳಿ ಊರನ್ನು ಸೀಳಿಕೊಂಡು ಹೋಗುತ್ತದಲ್ಲ, ಗೇಟ್ ಬಿತ್ತು ಅಂದರೆ ಸ್ಕೂಟರು, ಆಟೊ, ತಳ್ಳುಗಾಡಿ ಎಲ್ಲ ನಿಂತಲ್ಲೇ. ಆಗ ಪಕ್ಕದ ಸ್ಕೂಟರಿನಲ್ಲಿ ಗುರುತಿನವರು ಒಬ್ಬರಾದರೂ ಸಿಕ್ಕೇ ಸಿಗುತ್ತಿದ್ದರು. “ಏನ್ರೀ, ಆರಾಮಾ? ಮತ್ತೆ?” ಗೂಡ್ಸ್ ಗಾಡಿ ಆದರೆ ಎರಡನೇ ‘ಮತ್ತೆ’ವರೆಗೂ ಹೋಗಬಹುದಿತ್ತು. ಇಂಥ ಗೇಟಿನ ಮುಂದೆ ನಿಂತೇ ನಮ್ಮ ಚಿಕ್ಕಮ್ಮ ಒಂದು ಮದುವೆ ಕುದುರಿಸಿದಳು. ನಿಂತು ಬೈದುಕೊಂಡವರೇ ಜಾಸ್ತಿ, ಅದು ಬೇರೆ ಮಾತು.

ಈಚೆಗೆ ಅಕ್ಕನ ಚೀಲಕ್ಕೆ ನಾನು ಸುರಿಯುತ್ತಿರುವ ಕಿರಿಕಿರಿಗಳನ್ನೂ ಹೇಳಿಬಿಡುತ್ತೇನೆ. ನಲ್ಲಿ ನೀರು ನಾವು ಬೀಗ ಹಾಕಿಕೊಂಡು ಹೊರಟ ದಿನವೇ ಬರುತ್ತದೆ. ಮಿಕ್ಸಿ ರಿಪೇರಿಗೆ ಕೊಟ್ಟು ತಿಂಗಳಾಯಿತು. ಅಂಗಡಿಯವನ ಬಾಯಲ್ಲಿ ‘ನಾಳೆ’ ಅನ್ನುವುದು ಎಷ್ಟು ಚೆನ್ನಾಗಿ ಪಳಗಿದೆ ಅಂದರೆ ಈಗ ನಾನು ಕೇಳುವ ಮೊದಲೇ ಹೇಳುತ್ತಾನೆ. ಇವೆಲ್ಲ ಹೇಗೋ ತಡೆದುಕೊಳ್ಳಬಹುದು. ಬೆಂಗಳೂರಿನ ನೆಂಟರನ್ನು ತಡೆದುಕೊಳ್ಳುವುದು ಕಷ್ಟ.

ಮೊನ್ನೆ ಇವರ ದೊಡ್ಡಪ್ಪನ ಮಗ ಬಂದಿದ್ದರು. ಭಾನುವಾರದ ನೂಕುನುಗ್ಗಲಲ್ಲಿ ಮುಕ್ಕಾಲು ಗಂಟೆ ನಿಂತು ಬೆಣ್ಣೆದೋಸೆ ಕೊಡಿಸಿದೆವು. ಕೂತ ತಕ್ಷಣ ಅವರು, “ನಮ್ಮ ಲೇಔಟಿನಲ್ಲೇ ದಾವಣಗೆರೆ ಬೆಣ್ಣೆದೋಸೆ ಸಿಗುತ್ತೆ ಬಿಡಿ” ಅಂದರು. ನನಗೆ ಮೈ ಉರಿಯಿತು. ಆ ಹಿಟ್ಟಿಗೆ ಮಂಡಕ್ಕಿ ಹಾಕಿ ರುಬ್ಬುತ್ತಾರೆ ಅನ್ನುವುದೂ ಅವರಿಗೆ ಗೊತ್ತಿಲ್ಲ. ಸೌದೆ ಒಲೆ, ಕಾದ ಕಾವಲಿ, ಮೇಲೆ ಬೆಣ್ಣೆ, ಪಕ್ಕಕ್ಕೆ ಬಿಳಿ ಚಟ್ನಿ, ಆಲೂಗಡ್ಡೆ ಪಲ್ಯ. ಇದನ್ನೆಲ್ಲ ಲೇಔಟಿಗೆ ಹೊತ್ತುಕೊಂಡು ಹೋಗಕ್ಕಾಗುತ್ತಾ? ಊರಿನ ಹೆಸರನ್ನು ಬೋರ್ಡಿನ ಮೇಲೆ ಬರೆಯಬೇಕಾಗುವುದು ಊರು ಬಿಟ್ಟ ಮೇಲೇ. ಅವರು ಹಾಗನ್ನುತ್ತಲೇ ಎರಡು ಬೆಣ್ಣೆ, ಒಂದು ಖಾಲಿ, ಒಂದು ಓಪನ್ ತಿಂದು ಕೈ ತೊಳೆದರು. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಮಾತ್ರ ಲೇಔಟಿನ ಸುದ್ದಿ ಎತ್ತಲಿಲ್ಲ. ಖಾರ ಹತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಿರಿಕಿರಿ ಡಬ್ಬಿಯದು. ಅವ್ವನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ. ಒಂದು ಸೇರು ಹಿಡಿಯುತ್ತದೆ, ಮುಚ್ಚಳ ಇವತ್ತಿಗೂ ಬಿಗಿ. ನಾಗರಪಂಚಮಿಗೆ ಉಂಡೆ ಕಟ್ಟಿ ಅಕ್ಕಪಕ್ಕದವರಿಗೆಲ್ಲ ಹಂಚಿದ್ದೆ. ಆಮೇಲೆ ನೋಡಿದರೆ ಡಬ್ಬಿ ಇಲ್ಲ. ಪಕ್ಕದ ಮನೆಯ ಮೇಡಂ ಮೇಲೆ ನನಗೆ ಅನುಮಾನ. ಹೋದ ವರ್ಷ ನಮ್ಮ ಜರಡಿ ಅವರ ಮನೆಯಲ್ಲಿ ಆರು ತಿಂಗಳು ಇತ್ತು. ಕೇಳೋಣ ಅಂದರೆ ಸಂಕೋಚ, ಬಿಡೋಣ ಅಂದರೆ ಸಂಕಟ. ನಮ್ಮ ಕರಿಬೇವಿನ ಗಿಡದಿಂದ ಅವರು ದಿನಾ ನಾಲ್ಕು ಎಸಳು ಕಿತ್ತುಕೊಳ್ಳುತ್ತಿದ್ದರು. “ಗಿಡಕ್ಕೆ ಹುಳ ಬಿದ್ದಿದೆ, ಕೀಳಬೇಡಿ” ಅಂತ ಹೇಳಿಬಿಟ್ಟೆ. ಮೂರು ತಿಂಗಳು ಪ್ರತಿ ಭಾನುವಾರ ಎರಡನೇ ‘ಮತ್ತೆ’ಗೆ ಇದೇ ಕಥೆ ಹೇಳಿದೆ. ಅಕ್ಕ ಪ್ರತಿ ಸಲವೂ “ಹೋಗಲಿ ಬಿಡೇ, ಒಂದು ಡಬ್ಬಿಗೆ ಯಾಕೆ ಮನಸ್ಸು ಕೆಡಿಸ್ಕೋತೀಯ” ಅಂತ ಸಮಾಧಾನ ಮಾಡಿದಳು.

ಕಾರ್ತಿಕದಲ್ಲಿ ನಾನೇ ದುರ್ಗಕ್ಕೆ ಹೊರಟೆ. ದೂರ ಏನಲ್ಲ, ಸುಮಾರು 60 ಕಿಲೋಮೀಟರ್. ರೈಲಿಗೆ ಹೋದರೆ ಚಿಕ್ಕಜಾಜೂರಿನ ಮೇಲೆ ಸುತ್ತಿ ಹೋಗಬೇಕು, ಅದಕ್ಕೇ ಬಸ್ಸು. 1997ರ ಆಗಸ್ಟ್ 15ರವರೆಗೆ ನಾವಿಬ್ಬರೂ ಒಂದೇ ಜಿಲ್ಲೆಯವರು. ಆಮೇಲೆ ದಾವಣಗೆರೆ ಬೇರೆ ಆಯಿತು. ಅಕ್ಕನಿಗೆ ಅದು ಇನ್ನೂ ಒಪ್ಪಿಗೆಯಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿದ ಕೂಡಲೇ, “ಬಂದ್ಯಾ ಜಿಲ್ಲಾ ಕೇಂದ್ರಕ್ಕೆ?” ಅನ್ನುತ್ತಾಳೆ.

ಊಟ ಮುಗಿಸಿ ಕೋಟೆಗೆ ಹೋದೆವು. ಓಬವ್ವನ ಕಿಂಡಿಯ ಹತ್ತಿರ ಗಲಾಟೆ. ಒಬ್ಬೊಬ್ಬರೇ ಅದರೊಳಗೆ ನುಸುಳುವುದು, ಫೋಟೊ ಸರಿ ಬರಲಿಲ್ಲ ಅಂತ ಇನ್ನೊಮ್ಮೆ ನುಸುಳುವುದು. ಒನಕೆ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅನ್ನಿಸಿತು. ಅಕ್ಕನ ಮೊಣಕಾಲಿಗೆ ಹತ್ತು ಮೆಟ್ಟಿಲಿಗೊಂದು ವಿಶ್ರಾಂತಿ ಬೇಕು. ಹಾಗೇ ಕೂತು ಎದ್ದು, ಬಂಡೆ ಹಿಡಿದು, ನನ್ನ ಭುಜ ಹಿಡಿದು, ಕೊನೆಗೆ ಅಕ್ಕ ತಂಗಿ ಹೊಂಡದ ಹತ್ತಿರ ಬಂದೆವು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಈ ಹೊಂಡಕ್ಕೆ ಇಳಿಯುತ್ತದೆ, ಇಲ್ಲಿಂದ ಕೆಳಗಿನ ಹೊಂಡಗಳಿಗೆ. ಪಾಳೆಯಗಾರರ ಕಾಲದ ಏರ್ಪಾಡು. ನಲ್ಲಿಯ ವಿಷಯದಲ್ಲಿ ನಮ್ಮ ಬೀದಿಗಿಂತ ಅವರೇ ಮುಂದಿದ್ದರು.

ಕಟ್ಟೆಯ ಮೇಲೆ ಕೂತೆವು. ದೂರದ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಎದುರೆದುರು ಕೂತ ಮೇಲೆ ಇಬ್ಬರಿಗೂ ಮಾತಿಲ್ಲ! ಇದ್ದ ಸುದ್ದಿಯೆಲ್ಲ ಭಾನುವಾರಗಳಲ್ಲೇ ಖಾಲಿಯಾಗಿತ್ತು. ಫೋನಿನಲ್ಲಾದರೆ ಸುಮ್ಮನಿದ್ದರೆ “ಕೇಳಿಸ್ತಿದೆಯಾ?” ಅನ್ನಬಹುದು. ಇಲ್ಲಿ ಅದಕ್ಕೂ ದಾರಿಯಿಲ್ಲ.

“ಮತ್ತೆ?” ಅಂದೆ.

“ಮೊಣಕಾಲು ನೋವು.”

“ಮತ್ತೆ?”

“ನಾಯಿ ಮರಿ ಹಾಕಿದೆ.”

“ಮತ್ತೆ?”

ಅಕ್ಕ ಉತ್ತರ ಕೊಡಲಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಡಬ್ಬಿ ತೆಗೆದಳು. ಒಗ್ಗರಣೆ ಮಂಡಕ್ಕಿ ತಂದಿದ್ದಳು. ಮುಚ್ಚಳ ಬಿಗಿಯಾಗಿತ್ತು. ಅದನ್ನು ಬಿಚ್ಚಲು ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು. ಪಕ್ಕಕ್ಕೆ ತಿರುಗಿಸಿದೆ. ಅವ್ವನ ಹೆಸರು.

ಪಂಚಮಿಗೆ ಅವಳು ಬಂದಿದ್ದಳು. ಅವ್ವ ಹೋದ ಮೇಲೆ ನನ್ನ ಮನೆಯೇ ಅವಳಿಗೆ ತವರು. ಹೊರಡುವಾಗ ಉಂಡೆ ತುಂಬಿ ಕೊಟ್ಟವಳು ನಾನೇ.

“ಮೂರು ತಿಂಗಳಿಂದ ಹೇಳ್ತಾ ಇದ್ದೀನಲ್ಲ!”

“ಕಳೆದಿದೆ ಅಂತ ಹೇಳಿದೆ. ನಿನ್ನ ಹತ್ರ ಇದೆಯಾ ಅಂತ ಕೇಳಿದೆಯಾ?” ಅಂದಳು. ಆಮೇಲೆ ಹೊಂಡದ ಕಡೆ ನೋಡುತ್ತಾ, “ಅವ್ವನ ಹೆಸರಿದೆ ಅಲ್ವಾ. ಸ್ವಲ್ಪ ದಿನ ಇರಲಿ ಅಂತ ಇಟ್ಕೊಂಡಿದ್ದೆ” ಅಂದಳು.

ಮಂಡಕ್ಕಿ ಇನ್ನೂ ಮೆತ್ತಗಾಗಿರಲಿಲ್ಲ. ಇಬ್ಬರೂ ಅದೇ ಡಬ್ಬಿಗೆ ಕೈ ಹಾಕಿ ತಿಂದೆವು. ಡಬ್ಬಿ ಅವಳ ಹತ್ತಿರವೇ ಇದೆ. ನಾನು ಸಂಜೆಯ ಬಸ್ಸಿಗೆ ಊರಿಗೆ ಬಂದೆ. ಮಾರನೇ ದಿನ ಬೆಳಿಗ್ಗೆ ಪಕ್ಕದ ಮನೆಯ ಮೇಡಂ ರಂಗೋಲಿ ಹಾಕುತ್ತಾ, “ಏನ್ರೀ, ದುರ್ಗಕ್ಕೆ ಹೋಗಿದ್ರಂತೆ. ಮತ್ತೆ?” ಅಂದರು.

“ಏನಿಲ್ಲ ಮೇಡಂ,” ಅಂದೆ, “ನಮ್ಮ ಕರಿಬೇವಿನ ಹುಳ ಹೋಯ್ತು.”