ಸೂಪರ್‌ಹೀರೋಗಳ ಸಂಸಾರ

ಸ್ಪೈಡರ್‌ಮ್ಯಾನ್‌ಗೆ ಮದುವೆಯಾಗಿತ್ತು ಅಂದರೆ ಸಿನಿಮಾ ಮಾತ್ರ ನೋಡಿದವರು ನಂಬುವುದಿಲ್ಲ. ಅವರ ಪಾಲಿಗೆ ಅವನಿನ್ನೂ ಓದೋ ಹುಡುಗ. ಕಾಮಿಕ್ಸ್‌ನಲ್ಲಿ ಪೀಟರ್ ಪಾರ್ಕರ್ 1987ರಲ್ಲೇ ಮೇರಿ ಜೇನ್ ಕೈ ಹಿಡಿದಿದ್ದ. ಬರೀ ಪುಟದ ಮೇಲಲ್ಲ. ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ, ಬೇಸ್‌ಬಾಲ್ ನೋಡಲು ಬಂದಿದ್ದ ಜನರ ಎದುರು, ವೇಷ ಹಾಕಿದ ಗಂಡು ಹೆಣ್ಣನ್ನು ನಿಲ್ಲಿಸಿ ಮದುವೆ ಮಾಡಿಸಿದರು. ಪುರೋಹಿತರ ಜಾಗದಲ್ಲಿ ನಿಂತವರು ಸ್ಪೈಡರ್‌ಮ್ಯಾನ್‌ನನ್ನು ಹುಟ್ಟಿಸಿದವರಲ್ಲಿ ಒಬ್ಬರಾದ ಸ್ಟಾನ್ ಲೀ. ಬಾಳೆಲೆ ಊಟ ಒಂದು ಬಿಟ್ಟು ಮದುವೆಗೆ ಏನೇನು ಬೇಕೋ ಎಲ್ಲಾ ಇತ್ತು.

ಇಪ್ಪತ್ತು ವರ್ಷ ಕಳೆದ ಮೇಲೆ, 2007ರಲ್ಲಿ, ಆ ಕಾಮಿಕ್ಸ್ ತರುವ ಮಾರ್ವೆಲ್ ಕಂಪನಿಯವರು ಆ ಮದುವೆಯನ್ನು ಅಳಿಸಿಹಾಕಿದರು. ಡೈವೋರ್ಸ್ ಅಲ್ಲ, ಜಗಳವೂ ಅಲ್ಲ. ಪೀಟರ್‌ನನ್ನು ಸಾಕಿ ಬೆಳೆಸಿದ ಮೇ ದೊಡ್ಡಮ್ಮನಿಗೆ ಗುಂಡೇಟು ಬಿದ್ದು ಆಸ್ಪತ್ರೆ ಸೇರುತ್ತಾಳೆ. ಆಗ ಮೆಫಿಸ್ಟೋ ಎಂಬ ಸೈತಾನ ಬರುತ್ತಾನೆ. ದೊಡ್ಡಮ್ಮನನ್ನು ಉಳಿಸುತ್ತೇನೆ, ಬದಲಿಗೆ ನಿಮ್ಮ ಮದುವೆ ನನಗೆ ಬೇಕು ಅನ್ನುತ್ತಾನೆ. ಇಬ್ಬರೂ ಒಪ್ಪುತ್ತಾರೆ. ಬೆಳಗಾದರೆ ಮದುವೆಯೇ ಆಗಿಲ್ಲ, ಆಗಿತ್ತು ಅನ್ನುವ ನೆನಪೂ ಯಾರಿಗೂ ಇಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಇವರದ್ದು ಜಗಳವೇ ಆಡದೆ ಮಲಗಿ ಏಳುವಷ್ಟರಲ್ಲಿ ಸಂಸಾರವೇ ಮಾಯ. ಆ ಕಥೆ ಬರೆದ ಸ್ಟ್ರಜಿನ್‌ಸ್ಕಿ ಅವರಿಗೇ ಅದು ಹಿಡಿಸದೆ, ಕೊನೆಯ ಎರಡು ಸಂಚಿಕೆಗಳಿಂದ ತಮ್ಮ ಹೆಸರು ತೆಗೆಸಲು ಹೊರಟಿದ್ದರು.

ಇದೆಲ್ಲ ಯಾಕೆ ಬೇಕಿತ್ತು? ಮದುವೆಯಾದರೆ ಹೀರೋ ವಯಸ್ಸಾದವನ ಹಾಗೆ ಕಾಣುತ್ತಾನೆ, ಕಥೆಗೆ ದಾರಿ ಕಮ್ಮಿಯಾಗುತ್ತೆ ಅನ್ನೋದು ಆಗಿನ ಮುಖ್ಯ ಸಂಪಾದಕ ಜೋ ಕೆಸಾಡಾ ಅವರ ವಾದ. ನನ್ನ ತಕರಾರು ಇರೋದು ಇಲ್ಲೇ. ಮದುವೆಯಾದ ಮೇಲೆ ಕಥೆ ಕಮ್ಮಿಯಾಗುತ್ತಾ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುವ ಸೀಮೆಯವರನ್ನು ಒಂದು ಮಾತು ಕೇಳಬೇಕಿತ್ತು. ಭೀಮನಿಗೆ ಹಿಡಿಂಬೆ ಸಿಕ್ಕಿದ ಮೇಲೆ ಕಥೆ ನಿಂತಿತಾ? ಘಟೋತ್ಕಚ ಬಂದ! ಇಡೀ ಮಹಾಭಾರತವೇ ದಾಯಾದಿಗಳ ಆಸ್ತಿ ಜಗಳ. ಅದರಲ್ಲಿ ಬ್ರಹ್ಮಚಾರಿಗಳನ್ನು ಮಾತ್ರ ಉಳಿಸಿಕೊಂಡರೆ ಭೀಷ್ಮರೊಬ್ಬರೇ ಕೂತು ಮಾತಾಡಬೇಕು.

ಅಮೆರಿಕದವರಿಗೂ ಇದು ಗೊತ್ತಿಲ್ಲದ ವಿಷಯವೇನಲ್ಲ. ನಮ್ಮಲ್ಲಿ ಅಪ್ಪಂದಿರು, ಮಾವಂದಿರು ಎಲ್ಲರೂ ಓದಿದ ಫ್ಯಾಂಟಮ್‌ಗೆ ಅವನನ್ನು ಹುಟ್ಟಿಸಿದ ಲೀ ಫಾಕ್ 1977ರಲ್ಲೇ ಡಯಾನಾ ಜೊತೆ ಮದುವೆ ಮಾಡಿಸಿದರು. ಆಮೇಲೆ ಕಿಟ್, ಹೆಲೋಯಿಸ್ ಅಂತ ಅವಳಿ ಮಕ್ಕಳೂ ಆದವು. ಅವನ ಮನೆತನದಲ್ಲಿ ಅಪ್ಪನ ನಂತರ ಮಗ ಮುಖವಾಡ ಹಾಕಬೇಕು. ನಾವು ಓದಿದವನು ಇಪ್ಪತ್ತೊಂದನೆಯವನು. ಅಂದರೆ ಮದುವೆ ಆಗದಿದ್ದರೆ ಕಂಪನಿಯೇ ಬಂದ್. ಎಷ್ಟು ಚೆಂದದ ಏರ್ಪಾಡು ಅಲ್ವಾ? ಮಾರ್ವೆಲ್‌ನ ನಾಲ್ವರು ಹೀರೋಗಳ ತಂಡ ಫೆಂಟಾಸ್ಟಿಕ್ ಫೋರ್‌ನಲ್ಲಿ ರೀಡ್ ಮತ್ತು ಸೂ ಮದುವೆ 1965ರಲ್ಲೇ ನಡೆಯಿತು. ಅವರ ಶತ್ರು ಡಾಕ್ಟರ್ ಡೂಮ್ ಹೊಟ್ಟೆಕಿಚ್ಚಿಗೆ ಇದ್ದಬದ್ದ ವಿಲನ್‌ಗಳನ್ನೆಲ್ಲ ಮದುವೆ ಮನೆಗೆ ಛೂ ಬಿಡುತ್ತಾನೆ. ಅದರ ಕೊನೆಯಲ್ಲೊಂದು ತಮಾಷೆ ಇದೆ. ಆ ಕಥೆ ಮಾಡಿದ ಸ್ಟಾನ್ ಲೀ ಮತ್ತು ಚಿತ್ರಕಾರ ಜ್ಯಾಕ್ ಕರ್ಬಿ ಖುದ್ದು ಮದುವೆಗೆ ಬರುತ್ತಾರೆ, ಅವರನ್ನೇ ಬಾಗಿಲಲ್ಲಿ ತಡೆದು ವಾಪಸ್ ಕಳಿಸುತ್ತಾರೆ. ಹುಟ್ಟಿಸಿದವರಿಗೇ ಆಮಂತ್ರಣ ಇಲ್ಲ!

ಆದರೆ ಮಗು ಹುಟ್ಟಿದ ಮೇಲೆ ಈ ಕಾಮಿಕ್ಸ್‌ನವರಿಗೂ ಕೈಕಾಲು ಆಡುವುದಿಲ್ಲ. ರೀಡ್-ಸೂ ಮಗ ಫ್ರಾಂಕ್ಲಿನ್ ಹುಟ್ಟಿದ್ದು 1968ರಲ್ಲಿ. ನಮ್ಮ ಲೆಕ್ಕಕ್ಕೆ ಈಗ ಬಿ.ಪಿ. ಮಾತ್ರೆ ತಗೊಂಡು ರಿಟೈರ್‌ಮೆಂಟ್ ಎಣಿಸಬೇಕು. ಅವನಿನ್ನೂ ಮೀಸೆ ಬರದ ಹುಡುಗ. ಸೂಪರ್‌ಮ್ಯಾನ್ ಮಗ ಜಾನ್‌ನ ಪಾಡು ಇದರ ಉಲ್ಟಾ. ಹತ್ತು ವರ್ಷದ ಹುಡುಗ, ಬಲು ಮುದ್ದಾದ ಪಾತ್ರ. 2018ರ ಸುಮಾರಿಗೆ ಅವನನ್ನು ತಾತನ ಜೊತೆ ಅಂತರಿಕ್ಷ ತಿರುಗಲು ಕಳಿಸಿದರು. ಭೂಮಿಯ ಲೆಕ್ಕದಲ್ಲಿ ಮೂರು ವಾರಕ್ಕೆ ವಾಪಸ್ ಬಂದಾಗ ಅವನಿಗೆ ಹದಿನೇಳು. ಸಂಕ್ರಾಂತಿಗೆ ಅಜ್ಜಿ ಮನೆಗೆ ಹೋದ ಮಗು ಗಡ್ಡ ಬಿಟ್ಟುಕೊಂಡು ಬಂದರೆ ತಾಯಿಗೆ ಹೇಗಾಗಬೇಡ? ಮಗನ ಹಲ್ಲು ಬೀಳೋದು, ಸೈಕಲ್ ಕಲಿಯೋದು, ಮೊದಲ ಸಲ ಎದುರು ಮಾತಾಡೋದು, ಎಲ್ಲಾ ಒಂದೇ ಏಟಿಗೆ ನುಂಗಿ ಹಾಕಿದರು. ಬರೆಯೋದು ಕಷ್ಟ ಅಂತ ಮಗನನ್ನೇ ದೊಡ್ಡವನನ್ನಾಗಿ ಮಾಡುವುದು ಯಾವ ನ್ಯಾಯ?

ಇಷ್ಟೆಲ್ಲ ಗೊಣಗಿದ ಮೇಲೆ ಒಳ್ಳೆಯ ಸುದ್ದಿಯನ್ನೂ ಹೇಳಬೇಕು. 2024ರ ಜನವರಿಯಲ್ಲಿ ಜೊನಾಥನ್ ಹಿಕ್‌ಮನ್ ಬರೆದು ಮಾರ್ಕೋ ಕೆಕೆಟ್ಟೊ ಚಿತ್ರ ಬರೆದ ಹೊಸ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಶುರುವಾಯಿತು. ಇದು ಬೇರೆಯೇ ಲೋಕ. ಇಲ್ಲಿನ ಪೀಟರ್‌ಗೆ ಹುಡುಗನಾಗಿದ್ದಾಗ ಆ ಶಕ್ತಿ ಕೊಡುವ ಜೇಡ ಕಚ್ಚದ ಹಾಗೆ ಯಾರೋ ತಪ್ಪಿಸಿದ್ದಾರೆ. ಹಾಗಾಗಿ ಅವನು ಎಲ್ಲರಂತೆ ಬೆಳೆದು, ಮೇರಿ ಜೇನ್‌ಳನ್ನು ಮದುವೆಯಾಗಿ, ಎರಡು ಮಕ್ಕಳ ತಂದೆಯಾಗಿದ್ದಾನೆ. ಗಡ್ಡ ಇದೆ. ಮೂವತ್ತೈದರ ಆಸುಪಾಸು. ಬದುಕಿನಲ್ಲಿ ಏನೋ ಕಮ್ಮಿ ಇದೆ ಅನ್ನುವ ಕೊರಗು ಇದೆ, ಏನು ಅಂತ ಗೊತ್ತಿಲ್ಲ. ಆ ವಯಸ್ಸಲ್ಲಿ ನಾವು ಟ್ರೆಕ್ಕಿಂಗ್ ಗುಂಪು ಸೇರುತ್ತೇವೆ, ಇಲ್ಲವೇ ಬುಲೆಟ್ ತಗೋತೇವೆ. ಅವನು ಜೇಡ ಕಚ್ಚಿಸಿಕೊಳ್ಳುತ್ತಾನೆ.

ಅಲ್ಲಿಂದ ಮುಂದಿನದು ನೋಡಬೇಕು. ಮೊದಲು ಅವನ ಸೂಟು ಕಪ್ಪು. ಪುಟ್ಟ ಮಗಳು ನೋಡಿ ಭಯ ಆಗುತ್ತೆ ಅನ್ನುತ್ತಾಳೆ. ಬಣ್ಣ ಕೆಂಪು ನೀಲಿಗೆ ತಿರುಗುತ್ತದೆ. ಜಗತ್ತಿನ ಅತಿ ಫೇಮಸ್ ಡ್ರೆಸ್ಸಿನ ಬಣ್ಣ ನಿರ್ಧಾರವಾಗುವುದು ಮಗಳ ಮಾತಿನಿಂದ. ನಮ್ಮ ಮನೆಗಳಲ್ಲಿ ಗೋಡೆ ಬಣ್ಣ, ಕಾರಿನ ಬಣ್ಣ ಎಲ್ಲಾ ಹೀಗೇ ತಾನೇ ಆಗೋದು? ನಾಲ್ಕನೇ ಸಂಚಿಕೆಯಂತೂ ಹೆಚ್ಚುಕಡಿಮೆ ಪೂರ್ತಿ ಒಂದು ಊಟದ ಟೇಬಲ್ಲು. ಪೀಟರ್ ದಂಪತಿ, ಎದುರಿಗೆ ಹ್ಯಾರಿ ಆಸ್ಬೋರ್ನ್ ಮತ್ತವನ ಹೆಂಡತಿ ಗ್ವೆನ್. ನಾಲ್ಕು ಜನ ಹೋಟೆಲಿನಲ್ಲಿ ಕೂತು ಮಾತಾಡುತ್ತಾರೆ, ಮಾತಾಡುತ್ತಲೇ ಇರುತ್ತಾರೆ. ಹಳೆಯ ಕಥೆ ಗೊತ್ತಿದ್ದವರಿಗೆ ಆ ಟೇಬಲ್ಲೇ ಒಂದು ಆಘಾತ. ಮೂಲ ಕಥೆಯಲ್ಲಿ ಗ್ವೆನ್ 1973ರಲ್ಲಿ ಸೇತುವೆಯ ಮೇಲಿಂದ ಬಿದ್ದು ಸತ್ತವಳು, ಅವಳನ್ನು ತಳ್ಳಿದವನು ಹ್ಯಾರಿಯ ಅಪ್ಪ. ಇಲ್ಲಿ ಅವಳು ಅದೇ ಮನೆಯ ಸೊಸೆಯಾಗಿ ಮೆನು ಕಾರ್ಡ್ ಹಿಡಿದು ಕೂತಿದ್ದಾಳೆ. ಒಂದು ಗುದ್ದಾಟವಿಲ್ಲದೆ ಇಷ್ಟು ಎದೆ ಹೊಡೆದುಕೊಳ್ಳುವಂತೆ ಮಾಡಿದ ಸೂಪರ್‌ಹೀರೋ ಸಂಚಿಕೆ ನಾನು ಇತ್ತೀಚೆಗೆ ಓದಿಲ್ಲ.

ಇನ್ನೊಂದು ಗಮ್ಮತ್ತು ಎಂದರೆ ಈ ಲೋಕದಲ್ಲಿ ಗಡಿಯಾರ ಓಡುತ್ತದೆ. ನಮಗೆ ಒಂದು ತಿಂಗಳಾದರೆ ಅವರಿಗೂ ಒಂದು ತಿಂಗಳು. ಮಾರ್ವೆಲ್‌ಗೆ ಅರವತ್ತು ವರ್ಷಗಳಿಂದ ಇದೇ ಭಯ ಇದ್ದದ್ದು. ಹೀರೋಗೆ ವಯಸ್ಸಾದರೆ ಬೊಂಬೆ, ಟೀ ಶರ್ಟು, ಟಿಫನ್ ಡಬ್ಬಿ ಯಾರು ಕೊಳ್ಳುತ್ತಾರೆ? ಟಿಫನ್ ಡಬ್ಬಿ ಕೊಳ್ಳುವುದು ಅಪ್ಪ ಅಮ್ಮ ಅನ್ನುವುದನ್ನು ಮರೆತಿದ್ದರು.

ಚರ್ಚ್ ಸ್ಟ್ರೀಟಿನಿಂದ ಇದರ ಮೊದಲ ಸಂಪುಟ ತಂದಾಗ ನನ್ನ ಹೆಂಡತಿ ಸುಮ್ನೆ ನಾಲ್ಕು ಪುಟ ತಿರುವಿ ಕೇಳಿದ್ದು ಒಂದೇ ಪ್ರಶ್ನೆ. "ರೀ, ಇವನು ರಾತ್ರಿಯೆಲ್ಲ ಹಾರ್ತಾ ಇರ್ತಾನಲ್ಲ, ಬೆಳಗ್ಗೆ ಮಕ್ಕಳನ್ನ ಸ್ಕೂಲಿಗೆ ರೆಡಿ ಮಾಡೋರು ಯಾರು?" ನೂರಾರು ವಿಮರ್ಶೆ ಓದಿದ್ದೇನೆ, ಇಷ್ಟು ಸರಿಯಾದ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಮಾರ್ವೆಲ್‌ನ ಎದುರಾಳಿ ಕಂಪನಿ ಡಿಸಿಯವರೂ ಸುಮ್ಮನೆ ಕೂತಿಲ್ಲ. ಬ್ಯಾಟ್‌ಮ್ಯಾನ್ ಮದುವೆ ಅಂತ 2018ರಲ್ಲಿ ತಿಂಗಳುಗಟ್ಟಲೆ ಡಂಗುರ ಹೊಡೆದು, ಐವತ್ತನೇ ಸಂಚಿಕೆಯಲ್ಲಿ ಮದುವೆ ಹೆಣ್ಣು ಕ್ಯಾಟ್‌ವುಮನ್ ಕೈಕೊಟ್ಟು ಹೋದಳು. ಅದೂ ಪುಸ್ತಕ ಅಂಗಡಿಗೆ ಬರುವ ಮುಂಚೆಯೇ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಯಲಾಯಿತು. ಆ ಪಾಪ ತೊಳೆದುಕೊಳ್ಳಲೋ ಏನೋ, 2024ರ ಅಕ್ಟೋಬರಿನಲ್ಲಿ ಸ್ಕಾಟ್ ಸ್ನೈಡರ್ ಮತ್ತು ನಿಕ್ ಡ್ರಗೋಟಾ 'ಆಬ್ಸಲ್ಯೂಟ್ ಬ್ಯಾಟ್‌ಮ್ಯಾನ್' ತಂದರು. ಇಲ್ಲಿ ಬ್ರೂಸ್ ವೇಯ್ನ್‌ಗೆ, ಅಂದರೆ ಬ್ಯಾಟ್‌ಮ್ಯಾನ್‌ಗೆ, ಬಂಗಲೆ ಇಲ್ಲ, ದುಡ್ಡಿಲ್ಲ, ಬಟ್ಲರ್ ಇಲ್ಲ. ಅಪ್ಪ ಸ್ಕೂಲ್ ಮೇಷ್ಟ್ರಾಗಿದ್ದವರು. ಆಳು ಮಾತ್ರ ಗೋಡೆಯಂತಿದ್ದಾನೆ, ಎದೆಯ ಮೇಲಿನ ಬಾವಲಿ ಲಾಂಛನ ಕಿತ್ತರೆ ಕೊಡಲಿ ಆಗುತ್ತದೆ. ಜನ ಇದನ್ನೇ ಹೊಗಳುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಈ ಬ್ಯಾಟ್‌ಮ್ಯಾನ್‌ಗೆ ತಾಯಿ ಬದುಕಿದ್ದಾಳೆ! ಇಷ್ಟು ದಶಕ ಕತ್ತಲಲ್ಲಿ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದ ಮನುಷ್ಯನಿಗೆ ಈಗ ಊಟ ಆಯ್ತಾ ಅಂತ ಕೇಳುವವರು ಒಬ್ಬರಿದ್ದಾರೆ. ಮೈಯೆಲ್ಲ ಗಾಯ ಮಾಡಿಕೊಂಡು ಬಂದರೆ ಅಮ್ಮನಿಗೆ ಏನು ಸುಳ್ಳು ಹೇಳಬೇಕು ಅನ್ನುವುದು ಜೋಕರ್‌ಗಿಂತ ದೊಡ್ಡ ತಲೆನೋವು.

ಸಿನಿಮಾದವರೂ ದಾರಿಗೆ ಬರುತ್ತಿದ್ದಾರೆ. 2025ರ ಫೆಂಟಾಸ್ಟಿಕ್ ಫೋರ್‌ನಲ್ಲಿ ಗ್ರಹಗಳನ್ನೇ ನುಂಗುವ ಗಲಾಕ್ಟಸ್ ಬರುತ್ತಾನೆ, ಹೋಗುತ್ತಾನೆ. ನನಗೆ ನೆನಪಿರೋದು ಕೊನೆಯ ದೃಶ್ಯ. ಲೋಕದಲ್ಲೇ ಬುದ್ಧಿವಂತ ವಿಜ್ಞಾನಿ ರೀಡ್ ರಿಚರ್ಡ್ಸ್ ಹಾರುವ ಕಾರಿಗೆ ಮಗುವಿನ ಸೀಟು ಕೂರಿಸಲಾಗದೆ ಒದ್ದಾಡುತ್ತಾನೆ. ನನ್ನ ಪಕ್ಕ ಕೂತಿದ್ದ ಅಪ್ಪಂದಿರೆಲ್ಲ ಒಂದೇ ಸಮನೆ ನಕ್ಕರು. ಮಲ್ಟಿವರ್ಸು, ಟೈಮ್‌ಲೈನು ಅಂತ ತಲೆ ತಿನ್ನುವ ಚಿತ್ರಗಳಲ್ಲಿ ಆ ನಗು ಕೇಳಿ ಬಹಳ ದಿನ ಆಗಿತ್ತು.

ಇದೇ ದಾರಿಯಲ್ಲಿ ಇನ್ನೂ ಸ್ವಲ್ಪ ದೂರ ಹೋಗಲಿ ಅಂತ ನನ್ನಾಸೆ. ಸೂಪರ್‌ಮ್ಯಾನ್‌ನನ್ನು ಪೇರೆಂಟ್ಸ್ ಮೀಟಿಂಗಿಗೆ ಕಳಿಸಲಿ. ಪಕ್ಕದ ಕೋಣೆಯಲ್ಲಿ ಮಿಸ್ಸು ಅವನ ಮಗನ ಬಗ್ಗೆ ಮಾತಾಡೋದು ಅವನಿಗೆ ಕೇಳಿಸುತ್ತೆ, ಕೇಳಿಸಿತು ಅಂತ ಹೇಳುವ ಹಾಗಿಲ್ಲ. ವಯಸ್ಸೇ ಕಾಣದ, ಕೈಯಿಂದ ಉಗುರು ಚಿಮ್ಮಿಸುವ ವುಲ್ವರಿನ್ ಹುಟ್ಟಿದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಕೆನಡಾ ಸರ್ಕಾರದಲ್ಲಿ ಸರ್ವಿಸ್ ಕೂಡ ಮಾಡಿದ್ದಾನೆ. ಅಂದರೆ ಪೆನ್ಷನ್ ಬರಬೇಕು. ಬದುಕಿದ್ದೇನೆ ಅಂತ ಸರ್ಟಿಫಿಕೇಟ್ ಕೊಡಲು ಅವನು ಕೌಂಟರಿನ ಮುಂದೆ ನಿಲ್ಲಲಿ. ಗುಮಾಸ್ತ ಕನ್ನಡಕ ಸರಿ ಮಾಡಿಕೊಂಡು ಹುಟ್ಟಿದ ತಾರೀಖು ನೋಡಲಿ, ಮುಖ ನೋಡಲಿ, ಮತ್ತೆ ತಾರೀಖು ನೋಡಲಿ. "ನೀವಲ್ಲಪ್ಪ, ನಿಮ್ಮ ತಾತನೇ ಬರಬೇಕು" ಅನ್ನಲಿ. ಆಗ ಅವನು ಉಗುರು ತೆಗೀತಾನೋ, ಇನ್ನೊಂದು ಜೆರಾಕ್ಸ್ ತರೋಕೆ ಹೋಗ್ತಾನೋ ಅನ್ನೋದಕ್ಕೆ ಮುಂದಿನ ತಿಂಗಳವರೆಗೆ ಕಾಯಲು ನಾನು ರೆಡಿ.